ಕ್ರಿಪ್ಟೋ ಕಂಪನಿಗೆ ವಿದೇಶಿ ನೆಲೆ ಹುಡುಕುತ್ತಿದ್ದೀರಾ? ತೆರಿಗೆಯ ಲೆಕ್ಕ ಕೊನೆಗಿರಲಿ

2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಪ್ರಾಸಿಕ್ಯೂಟರ್‌ಗಳು ಬಿಟ್‌ಮೆಕ್ಸ್ ಎಂಬ ಕ್ರಿಪ್ಟೋ ಎಕ್ಸ್‌ಚೇಂಜ್ ನಡೆಸುತ್ತಿದ್ದವರ ಮೇಲೆ ಕೇಸ್ ಹಾಕಿದರು. ಕಂಪನಿ ರಿಜಿಸ್ಟರ್ ಆಗಿದ್ದು ಸೇಶೆಲ್ಸ್ ಎಂಬ ದ್ವೀಪ ದೇಶದಲ್ಲಿ. ಆರೋಪಪಟ್ಟಿಯಲ್ಲಿ ಒಂದು ಸಾಲು ಎಲ್ಲರ ಕಣ್ಣಿಗೆ ಬಿತ್ತು. ಅಮೆರಿಕದ ಅಧಿಕಾರಿಗಳಿಗೆ ಲಂಚ ಕೊಡುವುದು ದುಬಾರಿ, ಸೇಶೆಲ್ಸ್‌ನಲ್ಲಾದರೆ ಒಂದು ತೆಂಗಿನಕಾಯಿ ಸಾಕು ಅಂತ ಸಂಸ್ಥಾಪಕರೊಬ್ಬರು ಬಡಾಯಿ ಕೊಚ್ಚಿಕೊಂಡಿದ್ದರಂತೆ. ಮರುವರ್ಷ ಕಂಪನಿ 10 ಕೋಟಿ ಡಾಲರ್ ದಂಡಕ್ಕೆ ಒಪ್ಪಿಕೊಂಡಿತು. ಸಂಸ್ಥಾಪಕರು ತಪ್ಪೊಪ್ಪಿಕೊಂಡರು. 2025ರಲ್ಲಿ ಅವರಿಗೆ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು, ಅದು ಬೇರೆ ಕಥೆ. ಕ್ಷಮಾದಾನ ನಂಬಿಕೊಂಡು ಬಿಸಿನೆಸ್ ಪ್ಲಾನ್ ಮಾಡೋಕಾಗುತ್ತಾ?

ಅವರ ನೋಂದಣಿಯಲ್ಲಿ ತೊಂದರೆ ಇರಲಿಲ್ಲ. ಗ್ರಾಹಕರು ಅಮೆರಿಕದಲ್ಲಿದ್ದರು, ಅದೇ ತೊಂದರೆ. ಈ ಲೇಖನ ಪೂರ್ತಿ ಸುತ್ತುವುದು ಇದರ ಸುತ್ತಲೇ. ಬೆಂಗಳೂರಿನಲ್ಲೋ ದುಬೈನಲ್ಲೋ ಕೂತು ಎಕ್ಸ್‌ಚೇಂಜ್, ವ್ಯಾಲೆಟ್, ಪೇಮೆಂಟ್ ಸೇವೆ ಶುರು ಮಾಡಬೇಕು ಅಂದುಕೊಂಡವರು ಕೇಳುವ ಮೊದಲ ಪ್ರಶ್ನೆ "ಯಾವ ದೇಶದಲ್ಲಿ ಟ್ಯಾಕ್ಸ್ ಇಲ್ಲ?" ಎಂಬುದು. ಅದನ್ನು ಕೊನೆಗೆ ಕೇಳಿ. ಗ್ರಾಹಕರು ಎಲ್ಲಿದ್ದಾರೆ, ಯಾವ ಬ್ಯಾಂಕ್ ನಿಮಗೆ ಖಾತೆ ಕೊಡುತ್ತದೆ ಎಂಬ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ದೇಶದ ಆಯ್ಕೆ ಬಹುಪಾಲು ತಾನಾಗಿಯೇ ಆಗಿರುತ್ತದೆ.

ಹೆಜ್ಜೆ 1: ಏನು ಮಾಡುತ್ತೀರಿ ಅಂತ ಒಂದು ಹಾಳೆಯಲ್ಲಿ ಬರೆಯಿರಿ

"ನಮ್ಮದು ವೆಬ್3 ಪ್ಲಾಟ್‌ಫಾರ್ಮ್" ಅಂದರೆ ಯಾವ ನಿಯಂತ್ರಕರಿಗೂ ಅರ್ಥವಾಗುವುದಿಲ್ಲ. ಹಣ ತೊಳೆಯುವುದನ್ನು ತಡೆಯಲು ಜಗತ್ತಿಗೆಲ್ಲ ಮಾನದಂಡ ಹಾಕುವ ಸಂಸ್ಥೆ ಎಫ್‌ಎಟಿಎಫ್. ಅದು ನೋಡುವುದು ನಿಮ್ಮ ಕೆಲಸವನ್ನು. ರೂಪಾಯಿ, ಡಾಲರ್ ಪಡೆದು ಕ್ರಿಪ್ಟೋ ಕೊಡುವುದು, ಒಂದು ಕ್ರಿಪ್ಟೋಗೆ ಇನ್ನೊಂದು ಕೊಡುವುದು, ಬೇರೆಯವರ ಪರವಾಗಿ ಕಳಿಸುವುದು, ಕಾಪಾಡಿ ಇಡುವುದು, ಟೋಕನ್ ಬಿಡುಗಡೆಗೆ ಹಣಕಾಸು ಸೇವೆ ಕೊಡುವುದು. ಇವುಗಳಲ್ಲಿ ಒಂದನ್ನಾದರೂ ವ್ಯವಹಾರವಾಗಿ ಮಾಡಿದರೆ ಹೆಚ್ಚಿನ ಕಡೆ ಲೈಸೆನ್ಸ್ ಇಲ್ಲವೇ ನೋಂದಣಿ ಬೇಕು.

ಹಾಳೆಯ ಮೇಲೆ ದೊಡ್ಡದಾಗಿ ಒಂದು ಪ್ರಶ್ನೆ ಬರೆಯಿರಿ: ಗ್ರಾಹಕರ ಪ್ರೈವೇಟ್ ಕೀ, ಅಂದರೆ ನಾಣ್ಯ ಕಳಿಸಲು ಬೇಕಾದ ಗುಟ್ಟಿನ ಸಂಕೇತ, ನಮ್ಮ ಕೈಗೆ ಬರುತ್ತದಾ? ಬರುತ್ತದೆ ಅಂದರೆ ನೀವು ಕಾಪಾಡಿ ಇಡುವ, ಅಂದರೆ ಕಸ್ಟಡಿ ವ್ಯವಹಾರದಲ್ಲಿದ್ದೀರಿ. ಬಂಡವಾಳ, ಆಡಿಟ್, ವಿಮೆ ಎಲ್ಲವೂ ದುಬಾರಿಯಾಗುತ್ತವೆ. ಬರುವುದಿಲ್ಲ, ಬರೀ ಸಾಫ್ಟ್‌ವೇರ್ ಬರೆದು ಕೊಡುತ್ತೀರಿ ಅಂದರೆ ವಿದೇಶಿ ನೆಲೆಯೇ ಬೇಕಾಗಿಲ್ಲದಿರಬಹುದು. ಜಯನಗರದ ಆಫೀಸಿನಿಂದಲೇ ಸಾಫ್ಟ್‌ವೇರ್ ರಫ್ತು ಮಾಡುವ ಸಾಮಾನ್ಯ ಕಂಪನಿಯಾಗಿ ನಡೆಸಬಹುದು. ಎಷ್ಟೋ ಜನ ಸುಮ್ನೆ ದ್ವೀಪದ ಕಂಪನಿ ಮಾಡಿಸಿ ವರ್ಷ ವರ್ಷ ಶುಲ್ಕ ಕಟ್ಟುತ್ತಾ ಇರುತ್ತಾರೆ.

ಹೆಜ್ಜೆ 2: ಗ್ರಾಹಕರ ದೇಶಗಳ ಪಟ್ಟಿ

"ಗ್ಲೋಬಲ್" ಅನ್ನುವುದು ಉತ್ತರವಲ್ಲ. ಮೊದಲ ಎರಡು ವರ್ಷ ದುಡ್ಡು ಯಾವ ದೇಶಗಳಿಂದ ಬರುತ್ತದೆ? ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ಆ ದೇಶದ ನಿಯಮ ಬರೆಯಿರಿ. ನಿಮ್ಮ ಕಂಪನಿ ಎಲ್ಲಿ ನೋಂದಣಿಯಾದರೂ ಈ ಕಾಲಂ ಬದಲಾಗುವುದಿಲ್ಲ.

ಭಾರತದಿಂದ ಶುರು ಮಾಡೋಣ. ಕನ್ನಡದಲ್ಲಿ ಇದನ್ನು ಓದುವವರ ಪಟ್ಟಿಯಲ್ಲಿ ಅದು ಇದ್ದೇ ಇರುತ್ತದೆ. 2023ರ ಮಾರ್ಚ್ 7ರ ಅಧಿಸೂಚನೆಯಿಂದ ಕ್ರಿಪ್ಟೋ ಸೇವೆಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯೊಳಗೆ ಬಂದವು. ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕವಾದ ಎಫ್‌ಐಯು-ಇಂಡಿಯಾದಲ್ಲಿ ನೋಂದಣಿ ಆಗಲೇಬೇಕು. ಆಫೀಸು ಭಾರತದಲ್ಲಿ ಇದೆಯೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ, ಇಲ್ಲಿನ ಜನರಿಗೆ ಸೇವೆ ಕೊಡುತ್ತೀರಾ ಎಂಬುದಷ್ಟೇ ಲೆಕ್ಕ. ಅದೇ ವರ್ಷ ಡಿಸೆಂಬರ್ 28ರಂದು ಬೈನಾನ್ಸ್, ಕುಕಾಯಿನ್, ಕ್ರಾಕನ್ ಸೇರಿ ಒಂಬತ್ತು ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ನೋಟಿಸ್ ಹೋಯಿತು. ಜನವರಿಯಲ್ಲಿ ಆಪ್‌ಗಳು ಆಪಲ್ ಸ್ಟೋರ್‌ನಿಂದ ಮಾಯವಾದವು, ವೆಬ್‌ಸೈಟ್‌ಗಳು ಬ್ಲಾಕ್ ಆದವು. ಬೈನಾನ್ಸ್ ಮೇಲೆ ಬಿದ್ದ ದಂಡ 18.82 ಕೋಟಿ ರೂಪಾಯಿ. 2025ರ ಜನವರಿಯಲ್ಲಿ ಬೈಬಿಟ್ ಮೇಲೆ 9.27 ಕೋಟಿ. ಕುಕಾಯಿನ್ ನೋಂದಣಿ ಮಾಡಿಕೊಂಡು 34.5 ಲಕ್ಷದಲ್ಲಿ ಮುಗಿಸಿಕೊಂಡಿತು. ಬೇಗ ಬಗ್ಗಿದರೆ ಎಷ್ಟು ಉಳಿಯುತ್ತದೆ ಅಂತ ಗೊತ್ತಾಯಿತಲ್ವಾ?

ಇನ್ನು ಗ್ರಾಹಕರ ಲಾಭದ ಮೇಲಿನ 30% ತೆರಿಗೆ, ವಹಿವಾಟಿನ ಮೇಲಿನ 1% ಟಿಡಿಎಸ್. ಎರಡೂ 2022ರಿಂದ ಇವೆ. ತೆರಿಗೆ ಇಲ್ಲದ ಕೇಮನ್ ದ್ವೀಪಗಳಲ್ಲಿ ಕಂಪನಿ ಮಾಡಿದರೆ ಭಾರತದ ಗ್ರಾಹಕರಿಗೆ ಇವು ತಪ್ಪುತ್ತವೆ ಅಂತ ಜಾಹೀರಾತು ಮಾಡಬೇಡಿ. ತಪ್ಪುವುದಿಲ್ಲ. ತಪ್ಪಿಸಲು ಸಹಾಯ ಮಾಡಿದವರು ಅಂತ ನಿಮ್ಮ ಹೆಸರು ದಾಖಲೆಗೆ ಹೋಗುತ್ತದೆ.

ಅಮೆರಿಕ ಪಟ್ಟಿಯಲ್ಲಿದ್ದರೆ ಎರಡು ಸಲ ಯೋಚಿಸಿ. ಕೇಂದ್ರದಲ್ಲಿ ಹಣ ತೊಳೆಯುವುದರ ಮೇಲೆ ಕಣ್ಣಿಡುವ ಫಿನ್‌ಸೆನ್ ಸಂಸ್ಥೆಯ ನೋಂದಣಿ, ಜೊತೆಗೆ ರಾಜ್ಯಕ್ಕೊಂದು ಲೈಸೆನ್ಸ್. ಸಣ್ಣ ತಂಡಕ್ಕೆ ಇದು ಆಗುವ ಮಾತಲ್ಲ. "ಅಮೆರಿಕದವರನ್ನು ತೆಗೆದುಕೊಳ್ಳುವುದಿಲ್ಲ" ಅಂತ ನಿಯಮಗಳ ಪುಟದಲ್ಲಿ ಬರೆದರೆ ಸಾಕಾಗುವುದಿಲ್ಲ. ಒಕೆಎಕ್ಸ್ ಎಂಬ ಎಕ್ಸ್‌ಚೇಂಜ್ ಕೂಡ ಹಾಗೆ ಬರೆದಿತ್ತು. ಆದರೆ ಅಲ್ಲಿನ ಸಿಬ್ಬಂದಿಯೊಬ್ಬರು ಅಮೆರಿಕದ ಗ್ರಾಹಕರಿಗೆ, ನೀವು ಅಲ್ಲೇ ಇದ್ದೀರಿ ಅಂತ ಗೊತ್ತು, ಯಾವುದಾದರೂ ಬೇರೆ ದೇಶದ ಹೆಸರು ಹಾಕಿ, ಹೋಗುತ್ತದೆ ಅಂತ ಸಲಹೆ ಕೊಟ್ಟಿದ್ದು ಸರ್ಕಾರದ ಕೈಗೆ ಸಿಕ್ಕಿತು. 2025ರ ಫೆಬ್ರವರಿಯಲ್ಲಿ ಕಂಪನಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್‌ಗಿಂತ ಜಾಸ್ತಿ ಕಟ್ಟಿತು. ಹಾಗಾಗಿ ಐಪಿ ತಡೆ, ಗುರುತಿನ ಚೀಟಿ ಪರಿಶೀಲನೆ, ವಿಪಿಎನ್ ಪತ್ತೆ ಇವು ನಿಜವಾಗಿ ಕೆಲಸ ಮಾಡುತ್ತಿರಬೇಕು. ಸಪೋರ್ಟ್ ಹುಡುಗರಿಗೆ ಲಿಖಿತ ಸೂಚನೆ ಇರಬೇಕು. ಗ್ರಾಹಕರೊಂದಿಗಿನ ಅವರ ಚಾಟ್‌ಗಳನ್ನು ಆಗಾಗ ತೆಗೆದು ಓದುವವರೊಬ್ಬರು ಇರಬೇಕು.

ಯುರೋಪ್ ಒಕ್ಕೂಟಕ್ಕೆಲ್ಲ ಮೈಕಾ ಎಂಬ ಒಂದೇ ಕ್ರಿಪ್ಟೋ ಕಾನೂನು. ಸೇವಾ ಕಂಪನಿಗಳಿಗೆ ಅದು 2024ರ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. ಗ್ರಾಹಕರೇ ಹುಡುಕಿಕೊಂಡು ಬಂದರು ಎಂಬ ನೆಪಕ್ಕೆ ಬಹಳ ಕಡಿಮೆ ಜಾಗ ಇದೆ. ಬ್ರಿಟನ್‌ನಲ್ಲಿ 2023ರ ಅಕ್ಟೋಬರ್ 8ರಿಂದ ಕ್ರಿಪ್ಟೋ ಜಾಹೀರಾತಿನ ನಿಯಮ ಹೊರಗಿನ ಕಂಪನಿಗಳಿಗೂ ಅನ್ವಯಿಸುತ್ತದೆ.

ಸಿಂಗಾಪುರದ್ದು ಉಲ್ಟಾ ಕಥೆ. ಅಲ್ಲಿ ಕೂತು ಹೊರದೇಶದವರಿಗೆ ಮಾತ್ರ ಸೇವೆ ಕೊಡುತ್ತಿದ್ದ ಕಂಪನಿಗಳಿಗೆ 2025ರ ಜೂನ್ 30ರೊಳಗೆ ಲೈಸೆನ್ಸ್ ಪಡೆಯಿರಿ, ಇಲ್ಲವೇ ನಿಲ್ಲಿಸಿ ಅಂದರು ಅಲ್ಲಿನ ನಿಯಂತ್ರಕರು. ಲೈಸೆನ್ಸ್ ಸಾಮಾನ್ಯವಾಗಿ ಕೊಡುವುದಿಲ್ಲ ಅಂತಲೂ ಹೇಳಿದರು. ಅಂದರೆ ಹೊರಗಿನವರಿಗಾಗಿ ಸಿಂಗಾಪುರದ ಬೋರ್ಡ್ ಹಾಕುವ ಕಾಲ ಮುಗಿಯಿತು.

ಹೆಜ್ಜೆ 3: ಕಂಪನಿಗಿಂತ ಮೊದಲು ಬ್ಯಾಂಕ್

ಬಹಳ ಜನ ಎಡವುವುದು ಇಲ್ಲಿ. ಕಂಪನಿ ಒಂದು ವಾರದಲ್ಲಿ ಆಗುತ್ತದೆ. ಖಾತೆ ಆರು ತಿಂಗಳಾದರೂ ಆಗದೆ ಇರಬಹುದು. ಖಾತೆ ಇಲ್ಲದ ಎಕ್ಸ್‌ಚೇಂಜ್ ಅಂದರೆ ಕೀಲಿ ಇಲ್ಲದ ಬೀರು. 2023ರ ಮಾರ್ಚ್‌ನಲ್ಲಿ ಅಮೆರಿಕದ ಸಿಲ್ವರ್‌ಗೇಟ್, ಸಿಗ್ನೇಚರ್ ಎರಡೂ ಬ್ಯಾಂಕ್‌ಗಳು ಒಂದೇ ವಾರದ ಅಂತರದಲ್ಲಿ ಬಾಗಿಲು ಹಾಕಿದಾಗ ದೊಡ್ಡ ದೊಡ್ಡ ಕ್ರಿಪ್ಟೋ ಕಂಪನಿಗಳೇ ಡಾಲರ್ ಖಾತೆಗಾಗಿ ಪರದಾಡಿದವು. ಇಬ್ಬರನ್ನೇ ನೆಚ್ಚಿಕೊಂಡಿದ್ದರ ಫಲ.

ಆದ್ದರಿಂದ ಮನಸ್ಸಿನಲ್ಲಿರುವ ಎರಡು ಮೂರು ದೇಶಗಳ ಬ್ಯಾಂಕ್ ಮತ್ತು ಪೇಮೆಂಟ್ ಸಂಸ್ಥೆಗಳಿಗೆ ಮೊದಲೇ ಒಂದು ಪುಟದ ಪತ್ರ ಬರೆಯಿರಿ. ಕೆಲಸ ಏನು, ಗ್ರಾಹಕರು ಎಲ್ಲಿ, ತಿಂಗಳಿಗೆ ಎಷ್ಟು ವಹಿವಾಟು, ಮಾಲೀಕರು ಯಾರು. ಕೊನೆಗೆ ನೇರ ಪ್ರಶ್ನೆ: ಇಂಥ ದೇಶದಲ್ಲಿ ನೋಂದಣಿಯಾದ, ಇಂಥ ಲೈಸೆನ್ಸ್ ಇರುವ ಕಂಪನಿಗೆ ಖಾತೆ ಕೊಡುತ್ತೀರಾ? ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿ. ಎಲ್ಲರೂ ಬೇಡ ಅಂದ ದೇಶವನ್ನು ಪಟ್ಟಿಯಿಂದ ಹೊಡೆದು ಹಾಕಿ, ಅಲ್ಲಿ ತೆರಿಗೆ ಸೊನ್ನೆಯೇ ಇರಲಿ.

ಬ್ಯಾಂಕಿನವರು ಜಾಸ್ತಿ ಕೆದಕುವುದು ಮಾಲೀಕರ ದುಡ್ಡಿನ ಮೂಲವನ್ನು. ನಮ್ಮವರಿಗೆ ಇದು ನಿಜವಾದ ತಲೆನೋವು. ಮೈಸೂರಿನಲ್ಲಿ ಅಪ್ಪನ ಹೆಸರಿನಲ್ಲಿದ್ದ ಸೈಟ್ ಮಾರಿ ಬಂಡವಾಳ ಹಾಕಿದ್ದೀರಿ ಅಂದುಕೊಳ್ಳಿ. ಕ್ರಯಪತ್ರದಲ್ಲಿ ಒಂದು ಮೊತ್ತ, ಕೈಗೆ ಬಂದದ್ದು ಇನ್ನೊಂದು. ಲಂಡನ್ನಿನಲ್ಲೋ ದುಬೈನಲ್ಲೋ ಕೂತ ಪರಿಶೀಲಕರಿಗೆ ಈ ವ್ಯತ್ಯಾಸವನ್ನು ವಿವರಿಸಲು ದಾರಿಯೇ ಇಲ್ಲ. ಅಪ್ಪನಿಂದ ನಿಮಗೆ ಬಂದದ್ದಕ್ಕೆ ದಾನಪತ್ರ ಕೇಳುತ್ತಾರೆ. ಕನ್ನಡದ ಕ್ರಯಪತ್ರಕ್ಕೆ ನೋಟರಿ ಮಾಡಿಸಿದ ಅನುವಾದ ಕೇಳುತ್ತಾರೆ. ಹಳೆಯ ಬಿಟ್‌ಕಾಯಿನ್ ಲಾಭವೇ ಬಂಡವಾಳ ಅಂದರೆ, ಕೊಂಡ ದಿನದ ಬ್ಯಾಂಕ್ ಸ್ಟೇಟ್‌ಮೆಂಟ್‌ನಿಂದ ಹಿಡಿದು ಆದಾಯ ತೆರಿಗೆ ರಿಟರ್ನ್‌ವರೆಗೆ ಕೊಂಡಿ ಕಳಚದ ಹಾಗೆ ತೋರಿಸಬೇಕು. ವ್ಯವಹಾರದ ಯೋಚನೆ ಹುಟ್ಟಿದ ದಿನವೇ ಈ ಫೈಲ್ ಶುರು ಮಾಡಿ. ಬಿಳಿ ದುಡ್ಡಿನ ಭಾಗವನ್ನು ಮಾತ್ರ ಬಂಡವಾಳವಾಗಿ ಹಾಕಿ.

ಹೆಜ್ಜೆ 4: ದೇಶದ ಹೆಸರು ಯಾವ ಪಟ್ಟಿಯಲ್ಲಿದೆ?

ಹಣ ತೊಳೆಯುವುದನ್ನು ತಡೆಯುವುದರಲ್ಲಿ ಹಿಂದಿರುವ ದೇಶಗಳ ಬೂದು ಪಟ್ಟಿ, ಕಪ್ಪು ಪಟ್ಟಿಯನ್ನು ಎಫ್‌ಎಟಿಎಫ್ ವರ್ಷಕ್ಕೆ ಮೂರು ಸಲ ಬಿಡುಗಡೆ ಮಾಡುತ್ತದೆ. ಬೂದು ಪಟ್ಟಿಯಲ್ಲಿರುವ ದೇಶದ ಕಂಪನಿ ಅಂದ ಕೂಡಲೇ ಬ್ಯಾಂಕಿನ ಪ್ರಶ್ನೆಗಳು ಎರಡು ಪಟ್ಟಾಗುತ್ತವೆ. ಯುಎಇ 2022ರ ಮಾರ್ಚ್‌ನಲ್ಲಿ ಒಳಗೆ ಹೋಗಿ 2024ರ ಫೆಬ್ರವರಿಯಲ್ಲಿ ಹೊರಬಂತು. ಕೇಮನ್ 2023ರ ಅಕ್ಟೋಬರ್‌ನಲ್ಲಿ ಹೊರಬಂತು. ಕಂಪನಿ ಕಾರ್ಖಾನೆ ಅಂತಲೇ ಹೆಸರಾದ ಬ್ರಿಟಿಷ್ ವರ್ಜಿನ್ ಐಲ್ಯಾಂಡ್ಸ್, ಅಂದರೆ ಬಿವಿಐ, 2025ರ ಜೂನ್‌ನಲ್ಲಿ ಒಳಗೆ ಹೋಯಿತು. ಅರ್ಜಿ ಹಾಕುವ ದಿನ ಪಟ್ಟಿಯನ್ನು ಮತ್ತೆ ನೋಡಿ. ಹಳೆಯ ಲೇಖನಗಳನ್ನು, ಇದನ್ನೂ ಸೇರಿಸಿ, ನಂಬಿಕೊಳ್ಳಬೇಡಿ.

ಇನ್ನೊಂದು ನೋಡಬೇಕಾದದ್ದು ಆ ದೇಶ ಮನಸ್ಸು ಬದಲಾಯಿಸುವ ವೇಗ. ಎಸ್ಟೋನಿಯಾ ನೋಡಿ. 2017ರಿಂದ ಅಲ್ಲಿ ಕ್ರಿಪ್ಟೋ ಲೈಸೆನ್ಸ್ ಬಹಳ ಸಲೀಸಾಗಿ ಸಿಗುತ್ತಿತ್ತು. ಸಾವಿರಕ್ಕೂ ಹೆಚ್ಚು ಕಂಪನಿಗಳು ಮುಗಿಬಿದ್ದವು. ಡೆನ್ಮಾರ್ಕ್‌ನ ಡಾನ್ಸ್‌ಕೆ ಬ್ಯಾಂಕಿನ ಎಸ್ಟೋನಿಯಾ ಶಾಖೆಯ ಹಣ ತೊಳೆದ ಹಗರಣದ ನಂತರ ಸರ್ಕಾರ ಎಚ್ಚೆತ್ತುಕೊಂಡಿತು. 2022ರಲ್ಲಿ ಕಾನೂನು ಬಿಗಿಯಾಯಿತು, ಕನಿಷ್ಠ ಬಂಡವಾಳ ಸೇವೆಗೆ ತಕ್ಕಂತೆ 1 ಲಕ್ಷ ಅಥವಾ 2.5 ಲಕ್ಷ ಯೂರೋಗೆ ಏರಿತು. 2023ರ ಮೇ ಹೊತ್ತಿಗೆ ಉಳಿದವು ಸುಮಾರು 100. ಅಗ್ಗದ ಲೈಸೆನ್ಸ್ ಕೊಂಡವರಲ್ಲಿ ಹಲವರು ಹತ್ತಿರದ ಲಿಥುವೇನಿಯಾಕ್ಕೆ ಓಡಿದರು. ಅಲ್ಲೂ ಬಂಡವಾಳದ ನಿಯಮ ಏರಿತು, ಆಮೇಲೆ ಮೈಕಾ ಬಂತು. ಲೈಸೆನ್ಸ್ ಎಷ್ಟು ಸುಲಭವಾಗಿ ಸಿಗುತ್ತದೋ ಅಷ್ಟೇ ಸುಲಭವಾಗಿ ಹೋಗುತ್ತದೆ ಅಂತ ಅಂದಾಜು ಹಾಕಿಕೊಳ್ಳಿ.

ಹೆಜ್ಜೆ 5: ಈಗ ಊರುಗಳನ್ನು ನೋಡೋಣ

ದುಬೈ. ಕನ್ನಡಿಗರು ತುಂಬಾ ಇದ್ದಾರೆ, ವಿಮಾನ ನಾಲ್ಕು ಗಂಟೆ, ಸಮಯದ ವ್ಯತ್ಯಾಸ ಒಂದೂವರೆ ಗಂಟೆ. ವಾರಾ ಎಂಬ ಕ್ರಿಪ್ಟೋಗಾಗಿಯೇ ಇರುವ ನಿಯಂತ್ರಕ ಸಂಸ್ಥೆ 2022ರಲ್ಲಿ ಹುಟ್ಟಿತು, 2023ರ ಫೆಬ್ರವರಿಯಲ್ಲಿ ಅದರ ನಿಯಮ ಪುಸ್ತಕಗಳು ಬಂದವು. ಎಕ್ಸ್‌ಚೇಂಜ್ ಲೈಸೆನ್ಸ್‌ಗೆ ಅರ್ಜಿ ಶುಲ್ಕ 1 ಲಕ್ಷ ದಿರ್ಹಾಮ್, ಅದರ ಮೇಲೆ ವರ್ಷಕ್ಕೆ 2 ಲಕ್ಷ ದಿರ್ಹಾಮ್ ಮೇಲ್ವಿಚಾರಣಾ ಶುಲ್ಕ. ಅರ್ಜಿ ಶುಲ್ಕವೊಂದೇ ನಮ್ಮ ಲೆಕ್ಕದಲ್ಲಿ ಇಪ್ಪತ್ತು ಲಕ್ಷ ರೂಪಾಯಿ ದಾಟುತ್ತದೆ. ಬಂಡವಾಳ, ಅಲ್ಲಿ ವಾಸವಿದ್ದು ನಿಯಮ ಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್ ಅಧಿಕಾರಿ, ಆಫೀಸ್ ಬಾಡಿಗೆ ಇವೆಲ್ಲ ಬೇರೆ. ಸಲಹೆ ಸೇವೆಗೆ ಮಾತ್ರವಾದರೆ ಶುಲ್ಕ ಅರ್ಧಕ್ಕಿಂತ ಕಡಿಮೆ. 2023ರಿಂದ 3.75 ಲಕ್ಷ ದಿರ್ಹಾಮ್ ಮೀರಿದ ಲಾಭಕ್ಕೆ 9% ಕಾರ್ಪೊರೇಟ್ ತೆರಿಗೆ ಇದೆ. ಫ್ರೀ ಝೋನ್ ಎಂಬ ವಿಶೇಷ ವಲಯಗಳ ತೆರಿಗೆ ವಿನಾಯಿತಿ ಎಲ್ಲರಿಗೂ ಸಿಗುವುದಿಲ್ಲ.

ಒಂದು ಗೊಂದಲ ಇಲ್ಲಿ ತುಂಬಾ ಸಾಮಾನ್ಯ. ಫ್ರೀ ಝೋನ್ ಏಜೆಂಟ್ ಕೊಡಿಸುವ ಟ್ರೇಡ್ ಲೈಸೆನ್ಸ್‌ನಲ್ಲಿ "ಕ್ರಿಪ್ಟೋ" ಎಂಬ ಪದ ಇದ್ದ ಮಾತ್ರಕ್ಕೆ ವಾರಾ ಲೈಸೆನ್ಸ್ ಬಂದಂತಲ್ಲ. ನಿಮ್ಮದೇ ದುಡ್ಡಿನಲ್ಲಿ ವ್ಯಾಪಾರ ಮಾಡಲು ಕೊಟ್ಟ ಅನುಮತಿ ಹಿಡಿದುಕೊಂಡು ಬೇರೆಯವರ ದುಡ್ಡು ಮುಟ್ಟಿದರೆ ದಂಡ ಗ್ಯಾರಂಟಿ. ವಾರಾ ಇಂಥ ದಂಡಗಳನ್ನು ಪದೇ ಪದೇ ಹಾಕಿದೆ. ಇನ್ನೊಂದು: ದುಬೈನೊಳಗೇ ಇರುವ ಡಿಐಎಫ್‌ಸಿ ಎಂಬ ಹಣಕಾಸು ವಲಯಕ್ಕೆ ವಾರಾ ಕೈ ತಲುಪುವುದಿಲ್ಲ, ಅಲ್ಲಿ ಬೇರೆ ನಿಯಂತ್ರಕರು. ಅಬುಧಾಬಿಯ ಹಣಕಾಸು ವಲಯ ಎಡಿಜಿಎಂ ಮತ್ತೂ ಬೇರೆ. ಅದು 2018ರಿಂದಲೇ ಕ್ರಿಪ್ಟೋ ನಿಯಮ ಇಟ್ಟುಕೊಂಡಿದೆ, ದೊಡ್ಡ ಸಂಸ್ಥೆಗಳಿಗೆ ಸೇವೆ ಕೊಡುವವರಿಗೆ ಹೊಂದುತ್ತದೆ.

ಕೇಮನ್. ಫಂಡ್‌ಗಳಿಗೆ, ಟೋಕನ್ ಯೋಜನೆಗಳ ಫೌಂಡೇಶನ್‌ಗಳಿಗೆ ಒಳ್ಳೆಯ ಜಾಗ, ವಕೀಲರು ಪಳಗಿದವರು. 2025ರ ಏಪ್ರಿಲ್ 1ರಿಂದ ಕಸ್ಟಡಿ ಮತ್ತು ಟ್ರೇಡಿಂಗ್ ಪ್ಲಾಟ್‌ಫಾರ್ಮ್‌ಗೆ ಪೂರ್ಣ ಲೈಸೆನ್ಸ್ ಬೇಕು, ನೋಂದಣಿ ಸಾಲದು. ಬಿವಿಐಯಲ್ಲಿ 2023ರ ಫೆಬ್ರವರಿ 1ರಿಂದ ಕ್ರಿಪ್ಟೋ ಕಾನೂನು ಇದೆ, ಕನಿಷ್ಠ ಇಬ್ಬರು ನಿರ್ದೇಶಕರಿರಬೇಕು. ಎರಡೂ ಕಡೆ ಕಾರ್ಪೊರೇಟ್ ತೆರಿಗೆ ಇಲ್ಲ. ಆದರೆ ವಕೀಲರ ಬಿಲ್ ನೋಡಿದ ಮೇಲೆ ಉಳಿತಾಯದ ಮಾತು ಬಾಯಿಗೆ ಬರುವುದಿಲ್ಲ.

ಸೇಶೆಲ್ಸ್‌ನಲ್ಲೂ 2024ರ ಸೆಪ್ಟೆಂಬರ್‌ನಿಂದ ಲೈಸೆನ್ಸ್ ಕಾನೂನು ಬಂದಿದೆ. ತೆಂಗಿನಕಾಯಿ ಕಾಲ ಅಲ್ಲೂ ಮುಗಿಯಿತು. ಬರ್ಮುಡಾ 2018ರಿಂದ ನಡೆಸಿಕೊಂಡು ಬಂದಿರುವ ವ್ಯವಸ್ಥೆ ನನಗೆ ಹಿಡಿಸುತ್ತದೆ. ಪ್ರಯೋಗದ ಹಂತಕ್ಕೆ ಒಂದು ವರ್ಗ, ಬೆಳೆಯುವ ಹಂತಕ್ಕೆ ಇನ್ನೊಂದು, ಪೂರ್ಣ ಲೈಸೆನ್ಸ್ ಕೊನೆಗೆ. ಸಣ್ಣ ತಂಡಗಳನ್ನು ಗಮನದಲ್ಲಿಟ್ಟು ಮಾಡಿದ್ದು ಅನಿಸುತ್ತದೆ. ದೂರ ಮತ್ತು ಖರ್ಚು ಮಾತ್ರ ನಮಗೆ ಕಷ್ಟ. ಮಾರಿಷಸ್ ಹತ್ತಿರವಿದೆ, 2022ರ ಫೆಬ್ರವರಿಯಿಂದ ಕಾನೂನು ಇದೆ, ಆಫ್ರಿಕಾ ನಿಮ್ಮ ಮಾರುಕಟ್ಟೆಯಾದರೆ ವಿಚಾರಿಸಿ.

ಯುರೋಪಿನ ಗ್ರಾಹಕರೇ ಮುಖ್ಯವಾದರೆ ದ್ವೀಪಗಳ ಕಡೆ ನೋಡಲೇಬೇಡಿ. ಮೈಕಾ ಅಡಿಯಲ್ಲಿ ಒಂದು ದೇಶದ ಲೈಸೆನ್ಸ್‌ನಿಂದ 27 ದೇಶಗಳಲ್ಲಿ ಕೆಲಸ ಮಾಡಬಹುದು. ಕನಿಷ್ಠ ಬಂಡವಾಳ ಸೇವೆಗೆ ತಕ್ಕಂತೆ 50 ಸಾವಿರದಿಂದ 1.5 ಲಕ್ಷ ಯೂರೋ. ಒಬ್ಬ ನಿರ್ದೇಶಕರಾದರೂ ಅಲ್ಲಿ ವಾಸವಿರಬೇಕು, ಆಡಳಿತ ನಿಜವಾಗಿ ಅಲ್ಲಿಂದಲೇ ನಡೆಯಬೇಕು.

ಹೆಜ್ಜೆ 6: ಮಾಲೀಕರು ಭಾರತದಲ್ಲಿದ್ದರೆ

ಇದನ್ನು ವಿದೇಶಿ ಏಜೆಂಟ್‌ಗಳು ಹೇಳುವುದೇ ಇಲ್ಲ. ನೀವು ಇಲ್ಲಿನ ನಿವಾಸಿಯಾದರೆ ಹೊರದೇಶದ ಕಂಪನಿಯಲ್ಲಿ ಷೇರು ಕೊಳ್ಳಲು 2022ರ ಆಗಸ್ಟ್‌ನಲ್ಲಿ ಬಂದ ಓವರ್‌ಸೀಸ್ ಇನ್ವೆಸ್ಟ್‌ಮೆಂಟ್ ನಿಯಮಗಳು ಅನ್ವಯಿಸುತ್ತವೆ. ವರ್ಷದ ಮಿತಿ 2.5 ಲಕ್ಷ ಡಾಲರ್. ದುಡ್ಡು ಕಳಿಸುವ ಮೊದಲು ಬ್ಯಾಂಕಿನ ಮೂಲಕ ಫಾರ್ಮ್ ಎಫ್‌ಸಿ ಕೊಟ್ಟು ಸಂಖ್ಯೆ ಪಡೆಯಬೇಕು. ಸಾಮಾನ್ಯವಾಗಿ ಪ್ರತಿ ಡಿಸೆಂಬರ್ 31ರೊಳಗೆ ವಾರ್ಷಿಕ ವರದಿ ಸಲ್ಲಿಸಬೇಕು.

ನಿವಾಸಿ ವ್ಯಕ್ತಿಗಳು ಹಣಕಾಸು ಸೇವೆಯ ವಿದೇಶಿ ಕಂಪನಿಯಲ್ಲಿ ನೇರ ಹೂಡಿಕೆ ಮಾಡಲು ತಡೆ ಇದೆ. ಕ್ರಿಪ್ಟೋ ಕಂಪನಿ ಹಣಕಾಸು ಸೇವೆಯೋ ಅಲ್ಲವೋ? ಭಾರತದಲ್ಲಿ ಇದೇ ಕೆಲಸಕ್ಕೆ ಹಣಕಾಸು ನಿಯಂತ್ರಕರ ನೋಂದಣಿ ಬೇಕಾ ಎಂಬುದರ ಮೇಲೆ ನಿಯಮ ನಿಂತಿದೆ, ಆದ್ದರಿಂದ ವಾದಕ್ಕೆ ಜಾಗ ಇದೆ. ಕೊನೆಯ ಮಾತು ಮಾತ್ರ ನಿಮ್ಮ ಬ್ಯಾಂಕಿನದ್ದು. ಶಾಖೆಯ ಮ್ಯಾನೇಜರ್ "ಆಗುತ್ತೆ ಬಿಡಿ ಸಾರ್" ಅಂದದ್ದನ್ನು ನೆಚ್ಚಿಕೊಳ್ಳಬೇಡಿ, ವಿದೇಶಿ ವಿನಿಮಯ ವಿಭಾಗದಿಂದ ಬರಹದಲ್ಲಿ ತೆಗೆದುಕೊಳ್ಳಿ. ಸ್ನೇಹಿತರ ಹೆಸರಿನಲ್ಲಿ ಷೇರು ಇಡುವ ಉಪಾಯ ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ತೆರಿಗೆ ಇಲ್ಲಿ ಬರುತ್ತದೆ. ಕೇಮನ್ ಕಂಪನಿಯ ಮುಖ್ಯ ತೀರ್ಮಾನಗಳೆಲ್ಲ ಕೋರಮಂಗಲದಲ್ಲಿ ಆಗುತ್ತಿದ್ದರೆ, ಅದನ್ನು ಭಾರತದ ನಿವಾಸಿ ಕಂಪನಿ ಅಂತಲೇ ಪರಿಗಣಿಸಿ ತೆರಿಗೆ ಹಾಕಬಹುದು. ವರ್ಷಕ್ಕೆ 50 ಕೋಟಿ ರೂಪಾಯಿವರೆಗಿನ ವಹಿವಾಟಿನ ಕಂಪನಿಗಳನ್ನು 2017ರ ಸುತ್ತೋಲೆ ಇದರಿಂದ ಹೊರಗಿಟ್ಟಿದೆ. ಅದನ್ನೇ ನಂಬಿ ಮೈಮರೆಯಬೇಡಿ, ಇಲ್ಲಿನ ತಂಡ ದುಡಿದ ಲಾಭದ ಪಾಲಿಗೆ ಬೇರೆ ದಾರಿಯಲ್ಲಿ ತೆರಿಗೆ ಬರಬಹುದು. ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿ ತುಂಬದಿದ್ದರೆ ಕಪ್ಪು ಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಯಾರಿಗೂ ಗೊತ್ತಾಗಲ್ಲ ಅನ್ನುವ ದಿನಗಳೂ ಹೋದವು. ಕ್ರಿಪ್ಟೋ ವಿವರಗಳನ್ನು ದೇಶಗಳು ಒಂದಕ್ಕೊಂದು ಕೊಡುವ ಒಇಸಿಡಿ (ಮುಂದುವರಿದ ದೇಶಗಳ ಕೂಟ) ಒಪ್ಪಂದದ ಮೊದಲ ವಿನಿಮಯ 2027ರಲ್ಲಿ. ಆ ಸುತ್ತಿಗೆ ಭಾರತವೂ ಮಾತು ಕೊಟ್ಟಿದೆ.

ಹೆಜ್ಜೆ 7: ಎಲ್ಲವೂ ಕೈಕೊಟ್ಟ ದಿನ ಯಾವ ಕೋರ್ಟು?

2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ 23 ಕೋಟಿ ಡಾಲರ್ ಆಸುಪಾಸಿನ ಕ್ರಿಪ್ಟೋ ಕಳುವಾಯಿತು. ದುಡ್ಡು ಇಟ್ಟವರು ಹೆಚ್ಚಿನಂಶ ಭಾರತೀಯರು. ಪರಿಹಾರದ ಯೋಜನೆ ಮಾತ್ರ ಸಿಂಗಾಪುರದ ಹೈಕೋರ್ಟಿನಲ್ಲಿ ನಡೆಯಿತು, ಏಕೆಂದರೆ ಅದನ್ನು ಕೋರ್ಟಿಗೆ ಒಯ್ದ ಕಂಪನಿ ಅಲ್ಲಿನದು. ಹಾಸನದ ಹೂಡಿಕೆದಾರರೂ ಸಿಂಗಾಪುರದ ಕಾನೂನಿನಡಿ ಮತ ಹಾಕಬೇಕಾಯಿತು. ಒಂದು ವರ್ಷಕ್ಕೂ ಜಾಸ್ತಿ ಕಾಲ ಖಾತೆಗಳಲ್ಲಿನ ಕ್ರಿಪ್ಟೋ ತೆಗೆಯಲು ಆಗಲಿಲ್ಲ.

ದೇಶ ಆರಿಸುವಾಗ ಅಲ್ಲಿನ ದಿವಾಳಿ ಕಾನೂನು ಓದಿಸಿ. ಕಂಪನಿ ಮುಳುಗಿದರೆ ಗ್ರಾಹಕರ ನಾಣ್ಯ ಗ್ರಾಹಕರದ್ದೇ ಆಗಿ ಉಳಿಯುತ್ತದಾ, ಕಂಪನಿಗೆ ಸಾಲ ಕೊಟ್ಟವರ ಸಾಲಿನಲ್ಲಿ ಗ್ರಾಹಕರೂ ನಿಲ್ಲಬೇಕಾ? ವಕೀಲರ ಉತ್ತರವನ್ನು ಹಾಗೇ ನಿಮ್ಮ ನಿಯಮಗಳ ಪುಟಕ್ಕೆ ಹಾಕಿ, ಕನ್ನಡದಲ್ಲೂ ಹಾಕಿ. ಬಹಾಮಾಸ್‌ಗೆ 2020ರಿಂದಲೇ ಒಳ್ಳೆಯ ಕಾನೂನು ಇತ್ತು. ಎಫ್‌ಟಿಎಕ್ಸ್ ಎಂಬ ದೊಡ್ಡ ಎಕ್ಸ್‌ಚೇಂಜ್ 2021ರಲ್ಲಿ ಅಲ್ಲಿಗೆ ಹೋಯಿತು, 2022ರ ನವೆಂಬರ್‌ನಲ್ಲಿ ಕುಸಿಯಿತು. ಗ್ರಾಹಕರ ದುಡ್ಡು ಬೇರೆ ಖಾತೆಯಲ್ಲಿ ಇದೆಯಾ ಅಂತ ಆಡಿಟರ್ ಬಂದು ನೋಡದಿದ್ದರೆ ಯಾವ ಕಾನೂನೂ ಕೆಲಸಕ್ಕೆ ಬರುವುದಿಲ್ಲ.

ಹೆಜ್ಜೆ 8: ಏಜೆಂಟ್‌ಗೆ ದುಡ್ಡು ಕೊಡುವ ಮೊದಲು

"ರೆಡಿ ಲೈಸೆನ್ಸ್ ಇದೆ, ಹತ್ತು ದಿನದಲ್ಲಿ ನಿಮ್ಮ ಹೆಸರಿಗೆ" ಎಂಬ ಮೆಸೇಜ್ ಟೆಲಿಗ್ರಾಮ್‌ನಲ್ಲಿ ದಿನಾ ಬರುತ್ತದೆ. ಮಾಲೀಕರು ಬದಲಾದರೆ ನಿಯಂತ್ರಕರ ಮುಂಗಡ ಒಪ್ಪಿಗೆ ಬೇಕು, ಹೆಚ್ಚಿನ ಕಡೆ ಇದೇ ನಿಯಮ. ಒಪ್ಪಿಗೆ ಇಲ್ಲದೆ ಕೊಂಡ ಕಂಪನಿಯ ಜೊತೆ ಅದರ ಹಳೆಯ ಗ್ರಾಹಕರ ಪಾಪವೂ ನಿಮ್ಮ ಮನೆಗೆ ಬರುತ್ತದೆ.

ಏಜೆಂಟ್ ಹೇಳಿದ ಲೈಸೆನ್ಸ್ ಸಂಖ್ಯೆಯನ್ನು ನಿಯಂತ್ರಕರ ಸಾರ್ವಜನಿಕ ನೋಂದಣಿ ಪುಟದಲ್ಲಿ ನೀವೇ ಹುಡುಕಿ. ಅವರು ಕಳಿಸಿದ ಲಿಂಕ್ ಒತ್ತಬೇಡಿ, ವಿಳಾಸ ನೀವೇ ಟೈಪ್ ಮಾಡಿ. 2018ರಲ್ಲಿ ಬೈನಾನ್ಸ್ ಮಾಲ್ಟಾಕ್ಕೆ ಹೋಗುತ್ತಿದೆ ಅಂತ ಎಲ್ಲರೂ ನಂಬಿದ್ದರು. 2020ರ ಫೆಬ್ರವರಿಯಲ್ಲಿ ಮಾಲ್ಟಾದ ನಿಯಂತ್ರಕರು ನಮ್ಮಿಂದ ಆ ಕಂಪನಿಗೆ ಅನುಮತಿಯೇ ಇಲ್ಲ ಅಂತ ಹೇಳಿಕೆ ಕೊಟ್ಟರು. ಪ್ರಪಂಚದ ಅತಿ ದೊಡ್ಡ ಎಕ್ಸ್‌ಚೇಂಜ್ ವಿಷಯದಲ್ಲೇ ಹೀಗಾದರೆ, ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್‌ಗೆ ಏನು ಬೆಲೆ?

ಕೊಟೇಶನ್‌ನಲ್ಲಿ ಮೊದಲ ವರ್ಷದ ಜೊತೆ ಎರಡನೇ, ಮೂರನೇ ವರ್ಷದ ಖರ್ಚನ್ನೂ ಬರೆಸಿ: ನವೀಕರಣ, ಆಡಿಟ್, ಸ್ಥಳೀಯ ನಿರ್ದೇಶಕರ ಸಂಬಳ, ಟ್ರಾವೆಲ್ ರೂಲ್ ಸಾಫ್ಟ್‌ವೇರ್ ಬಾಡಿಗೆ. ಕಡೆಯದು ಪ್ರತಿ ವರ್ಗಾವಣೆಯ ಜೊತೆ ಕಳಿಸುವವರ, ಪಡೆಯುವವರ ವಿವರ ಸಾಗಿಸಲು ಬೇಕಾದದ್ದು, ಬಹುಪಾಲು ಕೊಟೇಶನ್‌ಗಳಲ್ಲಿ ಇರುವುದೇ ಇಲ್ಲ. ಲೈಸೆನ್ಸ್ ಬಂದರೆ ಇಷ್ಟು, ಬಾರದಿದ್ದರೆ ಇಷ್ಟು ವಾಪಸ್ ಎಂಬ ಸಾಲು ಇಲ್ಲದ ಒಪ್ಪಂದಕ್ಕೆ ಸಹಿ ಹಾಕಬೇಡಿ. ಮೂರು ವರ್ಷದ ಒಟ್ಟು ಮೊತ್ತ ಕೈಗೆ ಬಂದ ಮೇಲೆ, ಬ್ಯಾಂಕ್‌ಗಳಿಂದ ಬಂದ ಉತ್ತರಗಳ ಪಕ್ಕದಲ್ಲಿಟ್ಟು, ಉಳಿದ ಎರಡು ಮೂರು ದೇಶಗಳ ತೆರಿಗೆ ದರ ನೋಡಲು ಕೂರಿ.